ಮರದಿಂದ ಬಿದ್ದವನ ಬೆನ್ನುಹುರಿ

ಪಂಜ, ಗುತ್ತಿಗಾರು, ಬೆಳ್ಳಾರೆ, ಎಡಮಂಗಲ ಕಡೆಯ ಅಡಿಕೆ ತೋಟಗಳಲ್ಲಿ ವರ್ಷದ ಬಹುಪಾಲು ಯಾರಾದರೊಬ್ಬರು ಮರದ ತುದಿಯಲ್ಲಿ ಇದ್ದೇ ಇರುತ್ತಾರೆ. ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ಮಳೆಗಾಲದ ನಡುವೆ ಹೊಳವಾದ ದಿನಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡಬೇಕು. ದೀಪಾವಳಿ ಕಳೆದರೆ ಕೊಯ್ಲು. ಅದರ ಸಂದಿನಲ್ಲಿ ಕಾಳುಮೆಣಸು, ತೆಂಗು, ಹಲಸು, ಹಂಚಿನ ಮಾಡಿನ ರಿಪೇರಿ. ಹಳೆಯ ತೋಟದ ಅಡಿಕೆ ಮರ 15 ಮೀಟರ್ ದಾಟುವುದು ಸಾಮಾನ್ಯ. ಪಾಚಿಗಟ್ಟಿದ ನುಣುಪು ಕಾಂಡ, ಕಾಲಿಗೊಂದು ತಳೆ, ಹೆಗಲಿಗೆ ಮದ್ದಿನ ಪೈಪು. ಕೆಳಗಿಳಿಯದೆ ಪಕ್ಕದ ಮರವನ್ನು ಎಳೆದು ಹಿಡಿದು ಅದಕ್ಕೆ ದಾಟಿಕೊಳ್ಳುವ ನಿಪುಣರೂ ಇದ್ದಾರೆ. ಕೈ ತಪ್ಪಿದರೆ ಲೆಕ್ಕ ಸರಳ. 12 ಮೀಟರ್ ಎತ್ತರದಿಂದ ಬಿದ್ದ ದೇಹ ಸುಮಾರು ಒಂದೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ, ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್.

ಶ್ರೀಮಂತ ದೇಶಗಳಲ್ಲಿ ಬೆನ್ನುಹುರಿಗೆ ಪೆಟ್ಟಾದವರ ಕತೆ ಬಹುಮಟ್ಟಿಗೆ ರಸ್ತೆ ಅಪಘಾತದ ಕತೆ. ನಮ್ಮ ದೇಶದ ಅನೇಕ ಆಸ್ಪತ್ರೆಗಳ ವರದಿಗಳಲ್ಲಿ ಮೊದಲ ಸ್ಥಾನ ಎತ್ತರದಿಂದ ಬಿದ್ದವರದು: ಮರ, ಮಾಡು, ಕಟ್ಟಡದ ಸಾರುವೆ, ಬಾವಿ. ಬೆನ್ನುಹುರಿ ಪೆಟ್ಟಿನೊಂದಿಗೆ ಬದುಕುತ್ತಿರುವವರು ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಕ್ಷಿಣ ಕನ್ನಡದ ಅಡಿಕೆ ಸೀಮೆಯಲ್ಲಿ ಈ ದೊಡ್ಡ ಸಂಖ್ಯೆಯನ್ನು ನಂಬಲು ಕಷ್ಟಪಡಬೇಕಿಲ್ಲ. ‘ಸೊಂಟದಿಂದ ಕೆಳಗೆ ಬಲ ಇಲ್ಲ’ ಎಂಬ ಮಾತಿನ ಹಿಂದೆ ಇರುವ ಮನೆಯನ್ನು ಆಚೀಚಿನ ಊರಿನವರೂ ಗುರುತಿಸಬಲ್ಲರು.

ಅಂಥ ಮನೆಗೆ ನೋಡಲು ಹೋದವರು ಕೇಳುವುದು ಒಂದೇ ಪ್ರಶ್ನೆ: ಇನ್ನು ನಡೆಯಬಹುದಾ? ಪ್ರಶ್ನೆಯಲ್ಲಿ ಪ್ರೀತಿ ಇದೆ, ಆದರೆ ದೃಷ್ಟಿ ತಪ್ಪಾದ ಕಡೆ ನೆಟ್ಟಿದೆ. ಬಿದ್ದವನು ಮುಂದೆ ಎಷ್ಟು ವರ್ಷ ಬದುಕುತ್ತಾನೆ, ಹೇಗೆ ಬದುಕುತ್ತಾನೆ ಎಂಬುದು ಕಾಲಿಗಿಂತ ಹೆಚ್ಚು ಮೂತ್ರಕೋಶ ಮತ್ತು ಚರ್ಮದ ಕೈಯಲ್ಲಿದೆ. ಯಾಕೆಂದು ತಿಳಿಯಲು ಬೆನ್ನಿನ ಒಳಗೆ ಸ್ವಲ್ಪ ಹೊಕ್ಕು ನೋಡಬೇಕು.

ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ. ಮೂಳೆಗಳು 33: ಕುತ್ತಿಗೆಯಲ್ಲಿ 7, ಪಕ್ಕೆಲುಬು ಅಂಟಿದ ಬೆನ್ನಿನಲ್ಲಿ 12, ಸೊಂಟದಲ್ಲಿ 5, ಕೆಳಗೆ ಒಂದಕ್ಕೊಂದು ಬೆಸೆದ 5, ಬಾಲದ ಪಳೆಯುಳಿಕೆಯಾಗಿ ಸಾಮಾನ್ಯವಾಗಿ 4. ಇವುಗಳ ನಡುವಿನ ಕಾಲುವೆಯಲ್ಲಿ ಮೂರು ಪೊರೆಗಳ ಒಳಗೆ, ದ್ರವದಲ್ಲಿ ತೇಲಿಕೊಂಡು ಹುರಿ ಇಳಿಯುತ್ತದೆ. ವಯಸ್ಕರಲ್ಲಿ ಅದರ ಉದ್ದ 42ರಿಂದ 45 ಸೆಂಟಿಮೀಟರ್, ದಪ್ಪ ಒಂದು ಸೆಂಟಿಮೀಟರಿನ ಆಚೀಚೆ, ತೂಕ 35 ಗ್ರಾಂ ದಾಟುವುದು ಕಡಿಮೆ. ಕಾಲುವೆ ಬಾಲದ ಹತ್ತಿರದವರೆಗೆ ಇದ್ದರೂ ಹುರಿ ಅಲ್ಲಿಯವರೆಗೆ ಹೋಗುವುದಿಲ್ಲ. ಗರ್ಭದ ಮೂರನೇ ತಿಂಗಳವರೆಗೆ ಎರಡೂ ಸಮ ಉದ್ದ. ಆಮೇಲೆ ಮೂಳೆ ಬೇಗ ಬೆಳೆಯುತ್ತದೆ, ಹುರಿ ಹಿಂದುಳಿಯುತ್ತದೆ. ಹುಟ್ಟುವಾಗ ಹುರಿಯ ತುದಿ ಸೊಂಟದ ಮೂರನೇ ಮೂಳೆಯ ಮಟ್ಟದಲ್ಲಿರುತ್ತದೆ, ದೊಡ್ಡವರಲ್ಲಿ ಒಂದನೇ ಅಥವಾ ಎರಡನೇ ಮೂಳೆಯಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕಾಲುವೆಯಲ್ಲಿ ಇರುವುದು ನರಗಳ ಬೇರುಗಳು ಮಾತ್ರ. ತಮ್ಮ ತಮ್ಮ ಕಿಂಡಿ ಹುಡುಕಿಕೊಂಡು ಉದ್ದಕ್ಕೆ ಇಳಿಬಿದ್ದಿರುವ ಈ ಕಟ್ಟನ್ನು ಶರೀರಶಾಸ್ತ್ರದವರು ಕುದುರೆ ಬಾಲ ಎಂದೇ ಕರೆಯುತ್ತಾರೆ. ಸಿಸೇರಿಯನ್‌ಗೆ ಮುಂಚೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಹುರಿಗೆ ಚುಚ್ಚಿ ಜನ್ಮವಿಡೀ ಸೊಂಟನೋವು ಬಂತು ಎಂಬ ದೂರು ನಮ್ಮಲ್ಲಿ ಮನೆಮನೆಯಲ್ಲಿದೆ. ಸೂಜಿ ಹೋಗುವುದು ಹುರಿ ಮುಗಿದ ಜಾಗದ ಕೆಳಗೆ. ನೋವಿಗೆ ಕಾರಣ ಬೇರೆ ಕಡೆ ಹುಡುಕಬೇಕು.

ಈಗ ಮರದಿಂದ ಬಿದ್ದವನ ಕಡೆ ಬರೋಣ. ಎಂ.ಆರ್.ಐ. ವರದಿಯಲ್ಲಿ ಮತ್ತೆ ಮತ್ತೆ ಕಾಣುವ ಎರಡು ಹೆಸರು ಡಿ 12, ಎಲ್ 1. ಬೆನ್ನಿನ ಕೊನೆಯ ಮೂಳೆ, ಸೊಂಟದ ಮೊದಲ ಮೂಳೆ. ಕಾಲೂರಿ ಅಥವಾ ಕುಂಡೆಯೂರಿ ಬಿದ್ದಾಗ ಬಲ ಕೆಳಗಿನಿಂದ ಮೇಲಕ್ಕೆ ಏರುತ್ತದೆ. (ಹಿಮ್ಮಡಿ ಮುರಿದವನ ಬೆನ್ನನ್ನೂ ಪರೀಕ್ಷಿಸಬೇಕು ಎಂದು ಮೂಳೆ ವೈದ್ಯರು ಹೇಳುವುದು ಇದಕ್ಕೇ.) ಸೊಂಟದ ಮೂಳೆಗಳು ಬಾಗಿ ಬಳುಕುವಂಥವು, ಮೇಲಿನವು ಪಕ್ಕೆಲುಬಿನ ಗೂಡಿಗೆ ಬಿಗಿದು ಸೆಡೆತವು. ಬಳುಕುವುದೂ ಸೆಡೆತದ್ದೂ ಕೂಡುವ ಸಂದಿನಲ್ಲಿ ಬಲ ಒಟ್ಟಾಗುತ್ತದೆ, ಮೂಳೆ ಸಿಡಿಯುತ್ತದೆ, ಚೂರು ಹಿಂದಕ್ಕೆ ಸರಿದು ಕಾಲುವೆಗೆ ನುಗ್ಗುತ್ತದೆ. ಸರಿಯಾಗಿ ಅದೇ ಎತ್ತರದಲ್ಲಿ ಹುರಿಯ ತುದಿ ಇದೆ. ಆ ಬೆರಳಗಲದ ತುದಿಯಲ್ಲಿ ಮೂತ್ರ, ಮಲ, ಲೈಂಗಿಕ ಕ್ರಿಯೆ ಮೂರಕ್ಕೂ ಸಂಬಂಧಿಸಿದ ನರಕೋಶಗಳು ಕಿಕ್ಕಿರಿದಿವೆ. ಆದ್ದರಿಂದಲೇ ಅಡಿಕೆ ತೋಟದ ಪೆಟ್ಟಿಗೆ ಒಂದು ವಿಚಿತ್ರ ಸ್ವಭಾವ: ಕಾಲಿಗೆ ಹೋಗುವ ನರಗಳು ಭಾಗಶಃ ಚೇತರಿಸಿಕೊಂಡು ಮನುಷ್ಯ ಕೋಲು ಹಿಡಿದು ಅಂಗಳ ದಾಟುವಂತಾಗಬಹುದು, ಮೂತ್ರದ ಹತೋಟಿ ಮಾತ್ರ ಹಿಂತಿರುಗದೆ ಉಳಿಯಬಹುದು. ಊರಿನವರ ಲೆಕ್ಕದಲ್ಲಿ ಅವನು ಗುಣವಾದ. ಅವನಿಗೆ ಗೊತ್ತು.

ಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ: ಕುತ್ತಿಗೆಯಲ್ಲಿ 8, ಬೆನ್ನಿನಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದಲ್ಲಿ 1. ಕುತ್ತಿಗೆಯಲ್ಲಿ ಮೂಳೆ ಏಳು, ನರ ಎಂಟು. ಮೊದಲ ನರ ಮೊದಲ ಮೂಳೆಯ ಮೇಲಿಂದಲೇ ಹೊರಬೀಳುವುದರಿಂದ ಈ ಒಂದರ ವ್ಯತ್ಯಾಸ. ಪ್ರತಿ ನರಕ್ಕೂ ಎರಡು ಬೇರು. ಮುಂದಿನದು ಸ್ನಾಯುವಿಗೆ ಅಪ್ಪಣೆ ಒಯ್ಯುತ್ತದೆ, ಹಿಂದಿನದು ಸ್ಪರ್ಶ, ನೋವು, ಬಿಸಿ, ತಣ್ಣನೆಯನ್ನು ಒಳಗೆ ತರುತ್ತದೆ. 1811ರಲ್ಲಿ ಚಾರ್ಲ್ಸ್ ಬೆಲ್ ಅರ್ಧ ಕಂಡದ್ದನ್ನು 1822ರಲ್ಲಿ ಫ್ರಾನ್ಸಿನ ಮಜಾಂಡಿ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಪೂರ್ತಿ ತೋರಿಸಿಕೊಟ್ಟ. ಶ್ರೇಯಸ್ಸು ಯಾರದೆಂಬ ಜಗಳ ಬಹಳ ಕಾಲ ನಡೆಯಿತು.

ಒಂದು ನರಕ್ಕೆ ಚರ್ಮದ ಒಂದು ಪಟ್ಟಿ. ಇದನ್ನು ಕಣ್ಣಾರೆ ನೋಡಬೇಕೆಂದರೆ ಸರ್ಪಸುತ್ತು ಆದವರನ್ನು ನೋಡಬೇಕು. ಬಾಲ್ಯದಲ್ಲಿ ಬಂದು ಹೋದ ಸೀತಾಳೆ ಸಿಡುಬಿನ ವೈರಸ್ ಹಿಂದಿನ ಬೇರಿನ ಗಂಟಿನಲ್ಲಿ ದಶಕಗಟ್ಟಲೆ ಅಡಗಿದ್ದು, ವಯಸ್ಸಾಗಿ ದೇಹ ಸೋತಾಗ ಆ ನರದ ದಾರಿಯಲ್ಲೇ ಹೊರಬರುತ್ತದೆ. ಅದಕ್ಕೇ ಗುಳ್ಳೆಗಳು ಬೆನ್ನಿನ ನಡುವಿನಿಂದ ಹೊರಟು ಎದೆಯ ಅಥವಾ ಹೊಟ್ಟೆಯ ನಡುಗೆರೆಗೆ ಬಂದು ನಿಲ್ಲುತ್ತವೆ. ಆಚೆ ಬದಿ ಇನ್ನೊಂದು ನರದ ಸೀಮೆ. 1900ರಲ್ಲಿ ಲಂಡನ್ನಿನ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಇಂಥ ರೋಗಿಗಳ ಗುಳ್ಳೆಗಳನ್ನು ಗುರುತು ಹಾಕಿಯೇ ಚರ್ಮದ ನಕ್ಷೆ ಬರೆದರು. ಕುಕ್ಕೆ ಸುಬ್ರಹ್ಮಣ್ಯ ಇಷ್ಟು ಹತ್ತಿರವಿರುವ ನಮ್ಮ ಕಡೆ ಸರ್ಪಸುತ್ತು ಎಂದ ಕೂಡಲೇ ನಾಗನ ನೆನಪಾಗುವುದು ಸಹಜ. ಸುತ್ತು ಪೂರ್ತಿಯಾದರೆ ಜೀವಕ್ಕೆ ಅಪಾಯ ಎಂಬ ಹೆದರಿಕೆಯೂ ಇದೆ. ಹರಕೆ ಹೇಳಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಮಾತ್ರೆ ಮಾತ್ರ ಮೂರು ದಿನದೊಳಗೆ ಶುರುವಾಗಬೇಕು, ಇಲ್ಲವಾದರೆ ಗುಳ್ಳೆ ಒಣಗಿದ ಮೇಲೂ ಉರಿ ತಿಂಗಳುಗಟ್ಟಲೆ ಕಾಡುವ ಸಂಭವ ಹೆಚ್ಚು.

ಹುರಿಯನ್ನು ಅಡ್ಡ ಕೊಯ್ದರೆ ನಡುವೆ ಚಿಟ್ಟೆಯಾಕಾರದ ಬೂದು ಭಾಗ, ಸುತ್ತ ಬಿಳಿ ಭಾಗ. ಬೂದಿನಲ್ಲಿ ನರಕೋಶಗಳು, ಬಿಳಿಯಲ್ಲಿ ಮೇಲೆ ಕೆಳಗೆ ಓಡುವ ತಂತುಗಳು. ಬಲಮಿದುಳು ಎಡಗೈ ಆಡಿಸುವುದು ಎಲ್ಲರಿಗೂ ಗೊತ್ತು. ಆ ಅಡ್ಡದಾಟು ಹುರಿ ಶುರುವಾಗುವ ಸ್ವಲ್ಪ ಮೇಲೆಯೇ ಮುಗಿಯುತ್ತದೆ. ನೋವು ಮತ್ತು ಬಿಸಿಯ ಸುದ್ದಿ ಮಾತ್ರ ಹುರಿಗೆ ಹೊಕ್ಕ ಕೂಡಲೇ ಎದುರು ಬದಿಗೆ ದಾಟಿ ಮೇಲೇರುತ್ತದೆ. ಹುರಿಯ ಒಂದೇ ಪಕ್ಕಕ್ಕೆ ಪೆಟ್ಟಾದವನಲ್ಲಿ ಒಂದು ಕಾಲಿಗೆ ಬಲವಿಲ್ಲ, ಇನ್ನೊಂದು ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಬ್ರೌನ್‌ಸೆಕಾರ್ ಎಂಬ ವೈದ್ಯ 19ನೇ ಶತಮಾನದ ನಡುವಿನಲ್ಲಿ ಇದನ್ನು ವಿವರಿಸಿದಾಗ ಅನೇಕರು ನಂಬಲಿಲ್ಲ.

ಮಟ್ಟ ಯಾವುದು ಎಂಬುದರ ಮೇಲೆ ಉಳಿದದ್ದೆಲ್ಲ. ಕುತ್ತಿಗೆಯ 3, 4, 5ನೇ ನರಗಳು ವಪೆಯನ್ನು ನಡೆಸುತ್ತವೆ. ಅದಕ್ಕಿಂತ ಮೇಲೆ ಹುರಿ ಕಡಿದರೆ ಉಸಿರೇ ನಿಲ್ಲುತ್ತದೆ. ಐದರಿಂದ ಬೆನ್ನಿನ ಒಂದನೆಯವರೆಗೆ ತೋಳು, ಕೈ, ಬೆರಳು. ತಲೆಹೊರೆಯೊಂದಿಗೆ ಮುಗ್ಗರಿಸಿದವರು, ಆಳವಿಲ್ಲದ ಹೊಳೆಗುಂಡಿಗೆ ತಲೆ ಕೆಳಗಾಗಿ ಧುಮುಕಿದ ಹುಡುಗರು ಈ ಗುಂಪಿಗೆ ಸೇರುತ್ತಾರೆ. ಮೊಲೆತೊಟ್ಟಿನ ಮಟ್ಟ ಬೆನ್ನಿನ 4ನೆಯದು, ಹೊಕ್ಕುಳು 10ನೆಯದು, ತೊಡೆಸಂದು ಸೊಂಟದ 1ನೆಯದು. ಮೊಣಕಾಲು ನೀಡಲು ಸೊಂಟದ 3 ಮತ್ತು 4, ಹೆಬ್ಬೆರಳು ಎತ್ತಲು 5. ಡಿಸ್ಕ್ ಜಾರಿ ಕಾಲಿಗೆ ಸೆಳೆತ ಬಂದವರು ಹೆಬ್ಬೆರಳು ಎತ್ತಲಾಗದೆ ಚಪ್ಪಲಿ ಕಳಚಿಬೀಳಿಸಿಕೊಳ್ಳುವುದು ಈ ಐದನೆಯದರ ಬೇರು ಒತ್ತಿಹೋದಾಗ. ಕೊನೆಯಲ್ಲಿ ಗುದದ ಸುತ್ತಲಿನ ಚರ್ಮ. ವೈದ್ಯರು ಪೆಟ್ಟು ಪೂರ್ಣವೋ ಅಪೂರ್ಣವೋ ಎಂದು ತೀರ್ಮಾನಿಸುವುದು ಅಲ್ಲಿ ಮುಟ್ಟಿ, ಬೆರಳಿಟ್ಟು ನೋಡಿ. ಮನೆಯವರಿಗೆ ಮುಜುಗರ ತರುವ ಈ ಎರಡು ನಿಮಿಷದ ಪರೀಕ್ಷೆ ಚೇತರಿಕೆಯ ಬಗ್ಗೆ ಹೇಳುವಷ್ಟನ್ನು ಎಂ.ಆರ್.ಐ. ಕೂಡ ಎಷ್ಟೋ ಸಲ ಹೇಳುವುದಿಲ್ಲ.

ಬಿದ್ದ ಮೊದಲ ಗಂಟೆಯ ವಿಚಾರ ಹೇಳಿದಷ್ಟೂ ಕಡಿಮೆ. ಮರ ಇರುವುದು ತಗ್ಗಿನ ತೋಟದಲ್ಲಿ, ವಾಹನ ನಿಲ್ಲುವುದು ಮೇಲಿನ ರಸ್ತೆಯಲ್ಲಿ. ಒಬ್ಬ ಕಂಕುಳಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಕಾಲು ಹಿಡಿಯುತ್ತಾನೆ, ನಡು ಜೋತುಬೀಳುತ್ತದೆ; ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಆಸ್ಪತ್ರೆಯತ್ತ ಓಡಿಸುತ್ತಾರೆ. ಎಲ್ಲ ಆತುರ, ಎಲ್ಲ ಕರುಣೆ. ಆದರೆ ಮುರಿದ ಮೂಳೆಯ ಚೂರು ಆ ಮಡಚುವಿಕೆಯಲ್ಲೇ ಹುರಿಯನ್ನು ಇನ್ನಷ್ಟು ಜಜ್ಜಬಹುದು, ಬಿದ್ದಾಗ ಕಾಲು ಆಡಿಸುತ್ತಿದ್ದವನು ಆಸ್ಪತ್ರೆಯಲ್ಲಿ ಆಡಿಸಲಾಗದೆ ಹೋಗಬಹುದು. ಬೇಕಾದ್ದು ಪ್ರತಿ ಮನೆಯಲ್ಲೂ ಇದೆ: ಬಾಗಿಲ ಹಲಗೆ, ಅಗಲವಾದ ಬೆಂಚು, ಅಡಿಕೆ ಸಲಕೆ ಕಟ್ಟಿದ ತಟ್ಟಿ. ತಲೆ, ಭುಜ, ಸೊಂಟ ಒಂದೇ ಗೆರೆಯಲ್ಲಿರುವಂತೆ ನಾಲ್ಕೈದು ಜನ ಒಟ್ಟಿಗೆ ಹೊರಳಿಸಿ ಅದರ ಮೇಲೆ ಮಲಗಿಸಬೇಕು, ಕುತ್ತಿಗೆಯ ಎರಡೂ ಬದಿ ಬಟ್ಟೆಯ ಸುರುಳಿ ಇಡಬೇಕು, ಎಬ್ಬಿಸಿ ಕೂರಿಸಿ ನೀರು ಕುಡಿಸಬಾರದು. ಉಸಿರು ಸರಿಯಿದ್ದರೆ 108 ಬರುವವರೆಗೆ ಕಾಯುವುದೇ ಲೇಸು. ಸುಳ್ಯದಲ್ಲಿ ಕೆ.ವಿ.ಜಿ. ಮೆಡಿಕಲ್ ಕಾಲೇಜು ಇರುವುದು ಈ ಸೀಮೆಯ ಭಾಗ್ಯ. ಹಿಂದೆ ಮಂಗಳೂರಿನವರೆಗೂ ಹೋಗಬೇಕಿತ್ತು, ಈಗಲೂ ಹಲವರು ಹೋಗುತ್ತಾರೆ.

ಪೆಟ್ಟಾದ ಮೊದಲ ದಿನಗಳಲ್ಲಿ ಕಾಲು ಮೆತ್ತಗೆ, ಸುತ್ತಿಗೆ ತಾಗಿಸಿದರೂ ಮೊಣಕಾಲು ಹಾರುವುದಿಲ್ಲ. ಹುರಿಗೆ ಆಘಾತ. ಕೆಲವು ವಾರಗಳಲ್ಲಿ, ಹುರಿಯ ತುದಿ ಉಳಿದಿದ್ದರೆ, ಕಾಲು ತಾನಾಗಿ ಸೆಟೆಯಲು, ಅದುರಲು ತೊಡಗುತ್ತದೆ. ಮನೆಯಲ್ಲಿ ಹಬ್ಬ: ‘ಕಾಲಿಗೆ ಜೀವ ಬಂತು!’ ಎಣ್ಣೆ ಉಜ್ಜುವವರಿಗೆ ಹೇಳಿ ಕಳಿಸುತ್ತಾರೆ, ಅದುರುವಿಕೆ ಜಾಸ್ತಿಯಾದರೆ ಎಣ್ಣೆಯ ಗುಣ ಎನ್ನುತ್ತಾರೆ. ನಡೆಯುತ್ತಿರುವುದು ಬೇರೆ. ಹುರಿ ಬರೀ ತಂತಿಯಲ್ಲ, ಅದಕ್ಕೆ ಸ್ವಂತ ಬುದ್ಧಿ ಇದೆ. ಬೆಂಕಿ ತಾಗಿದ ಕೈಯನ್ನು ಮಿದುಳಿಗೆ ಸುದ್ದಿ ಮುಟ್ಟುವ ಮೊದಲೇ ಹಿಂದಕ್ಕೆಳೆಯುವುದು ಅದು; ಇಂಗ್ಲೆಂಡಿನ ನರವಿಜ್ಞಾನಿ ಷೆರಿಂಗ್ಟನ್ 1906ರ ತನ್ನ ಗ್ರಂಥದಲ್ಲಿ ಈ ಪ್ರತಿವರ್ತನೆಗಳ ಲೋಕವನ್ನೇ ತೆರೆದಿಟ್ಟ. ಮಿದುಳಿನ ಕಡಿವಾಣ ತಪ್ಪಿದ ಮೇಲೆ ಪೆಟ್ಟಿನ ಕೆಳಗಿನ ಹುರಿ ತನ್ನಷ್ಟಕ್ಕೆ ತಾನು ಚುರುಕಾಗಿ ವರ್ತಿಸುತ್ತದೆ, ಅಷ್ಟೆ. ಹಾಗೆಂದು ಕಾಲನ್ನು ಸುಮ್ಮನೆ ಬಿಡುವಂತಿಲ್ಲ. ದಿನವೂ ಮಡಚಿ ಬಿಡಿಸದಿದ್ದರೆ ಕೀಲು ಕಟ್ಟಿಹೋಗುತ್ತದೆ. ಅದುರುವಿಕೆ ಇದ್ದಕ್ಕಿದ್ದಂತೆ ಹೆಚ್ಚಾದರೆ ಎಲ್ಲೋ ಹುಣ್ಣು, ಮೂತ್ರದ ಸೋಂಕು, ಕಟ್ಟಿದ ಮಲ ಇರಬಹುದು ಎಂಬ ಎಚ್ಚರಿಕೆಯೂ ಹೌದು. ಬೆನ್ನಿನ 6ನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ ಇದೇ ಕಾರಣಗಳಿಂದ ರಕ್ತದೊತ್ತಡ ತಲೆ ಸಿಡಿಯುವಷ್ಟು ಏರಿ ಪ್ರಾಣಕ್ಕೇ ಬರಬಹುದು. ಮೊದಲು ಎಬ್ಬಿಸಿ ಕೂರಿಸಿ, ಮೂತ್ರದ ಪೈಪ್ ಮಡಚಿದೆಯೇ ನೋಡಬೇಕು.

ಮೂತ್ರಕೋಶದ ವಿಷಯ ಇಲ್ಲಿಂದಲೇ ಶುರು. ಹುರಿಯ ತುದಿಯೇ ಜಜ್ಜಿದ್ದರೆ ಮೂತ್ರಕೋಶ ಸಡಿಲ ಚೀಲ. ತುಂಬುತ್ತದೆ, ಸೋರುತ್ತದೆ, ಹಿಂಡುವುದಿಲ್ಲ. ಪೆಟ್ಟು ಅದಕ್ಕಿಂತ ಮೇಲಿದ್ದರೆ ತಾನಾಗಿ ಹಿಂಡುತ್ತದೆ, ಆದರೆ ಹಿಂಡುವ ಹೊತ್ತಿಗೇ ಬಾಗಿಲ ಸ್ನಾಯುವೂ ಬಿಗಿಯುತ್ತದೆ. ಒತ್ತಡ ಮೇಲೇರಿ ಕಿಡ್ನಿಯನ್ನು ಹಾಳುಮಾಡುತ್ತದೆ. ಎರಡಕ್ಕೂ ಉಪಚಾರ ಬೇರೆ. ತಮ್ಮ ಮನೆಯವನದು ಯಾವ ಬಗೆಯೆಂದು ಮನೆಯವರಿಗೆ ಗೊತ್ತಿರಬೇಕು, ಬಹಳ ಕಡೆ ಗೊತ್ತಿರುವುದಿಲ್ಲ. ಪೈಪ್ ಹಾಕಿ ಮನೆಗೆ ಕಳಿಸಿರುತ್ತಾರೆ, ಅದು ವರ್ಷಗಟ್ಟಲೆ ಉಳಿಯುತ್ತದೆ, ಸೋಂಕು, ಕಲ್ಲು, ಜ್ವರ. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡಿಸ್ ಸರಳ ದಾರಿ ತೋರಿಸಿದ: ಕೈ ತೊಳೆದು, ದಿನಕ್ಕೆ ನಾಲ್ಕಾರು ಸಲ ರೋಗಿಯೇ ಸಣ್ಣ ನಳಿಕೆ ತೂರಿಸಿ ಮೂತ್ರ ತೆಗೆದು, ನಳಿಕೆಯನ್ನು ಹೊರಗೆಳೆಯುವುದು. ಪೂರ್ತಿ ಕ್ರಿಮಿರಹಿತ ಆಗಬೇಕೆಂದಿಲ್ಲ, ಸ್ವಚ್ಛವಾಗಿದ್ದರೆ ಸಾಕು. ಮುಖ್ಯವಾದ್ದು ಮೂತ್ರಕೋಶ ಉಬ್ಬದಂತೆ ಹೊತ್ತುಹೊತ್ತಿಗೆ ಬರಿದಾಗುವುದು. ಕೈಗೆ ಬಲವಿರುವ ಅಡಿಕೆ ಮರದ ರೋಗಿಗೆ ಇದು ಕಲಿಯಬಲ್ಲ ಕೆಲಸ. ಕಲಿಸುವವರು ಕಡಿಮೆ.

ಚರ್ಮದ್ದು ಇನ್ನೂ ಕ್ರೂರ. ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುವುದು ಚರ್ಮ ನೋವಿನ ಸುದ್ದಿ ಕಳಿಸುವುದರಿಂದ. ಸುದ್ದಿ ನಿಂತ ಮೇಲೆ ಬೆನ್ನ ಬುಡ, ಕುಂಡೆಯ ಮೂಳೆ, ಹಿಮ್ಮಡಿ ಒತ್ತಿ ಕೊಳೆಯುತ್ತವೆ. ಹೊರಗೆ ರೂಪಾಯಿಯಗಲ, ಒಳಗೆ ಮೂಳೆ ಕಾಣುವಷ್ಟು. ಎರಡು ಗಂಟೆಗೊಮ್ಮೆ ಹೊರಳಿಸುವುದು, ಗಾಲಿಕುರ್ಚಿಯಲ್ಲಿ ಕೂತವನು ಆಗಾಗ ಕೈಯೂರಿ ಮೈ ಎತ್ತುವುದು, ದಿನಕ್ಕೊಮ್ಮೆ ಕನ್ನಡಿ ಹಿಡಿದು ನೋಡುವುದು: ಇದಕ್ಕಿಂತ ದೊಡ್ಡ ಮದ್ದು ಇಲ್ಲ. ಮಳೆಗಾಲದಲ್ಲಿ ಕಾಲು ಬೆಚ್ಚಗಾಗಲೆಂದು ಕೆಂಡದ ಹತ್ತಿರ ಕೂರಿಸಿ ಸುಟ್ಟ ಪ್ರಕರಣಗಳೂ ಇದೇ ಜಾತಿಯವು.

ಈಜಿಪ್ಟಿನ ಪುರಾತನ ವೈದ್ಯ ಹಸ್ತಪ್ರತಿಯೊಂದರಲ್ಲಿ, ಸುಮಾರು 3,600 ವರ್ಷ ಹಿಂದೆ, ಕುತ್ತಿಗೆ ಮುರಿದು ಕೈಕಾಲು ಬಿದ್ದವನಿಗೆ ಚಿಕಿತ್ಸೆಯಿಲ್ಲ ಎಂದು ಬರೆದಿದ್ದಾರೆ. ಮೊದಲ ಮಹಾಯುದ್ಧದವರೆಗೂ ಅದು ಬಹುಮಟ್ಟಿಗೆ ನಿಜವಾಗಿತ್ತು. ಹುರಿ ಕಡಿದ ಸೈನಿಕರಲ್ಲಿ ಹೆಚ್ಚಿನವರು ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಬೇಗನೆ ಸತ್ತರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಹೊರಳಿಸಿದ, ಮೂತ್ರಕೋಶ ನೋಡಿಕೊಂಡ, ಕೆಲಸ ಕೊಟ್ಟ, ಆಟ ಆಡಿಸಿದ; 1948ರ ಆ ಆಟದಿಂದಲೇ ಪ್ಯಾರಾಲಿಂಪಿಕ್ಸ್ ಬೆಳೆಯಿತು. ನೆರೆ ರಾಜ್ಯದ ವೆಲ್ಲೂರಿನಲ್ಲಿ ಡಾ. ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ತಾವೇ ಸೊಂಟದ ಕೆಳಗೆ ಬಲ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿ, 1960ರ ದಶಕದಲ್ಲಿ ಅಲ್ಲಿ ಪುನಶ್ಚೇತನ ಕೇಂದ್ರವನ್ನು ಕಟ್ಟಿದರು.

ಹಾಗಾದರೆ ಹುರಿಯನ್ನೇ ಸರಿಪಡಿಸುವ ಮಾತು? ರಾಡು, ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ ಮೂಳೆಯನ್ನು ಗಟ್ಟಿಮಾಡುತ್ತದೆ, ಒತ್ತಡ ತೆಗೆಯುತ್ತದೆ, ಬೇಗ ಎದ್ದು ಕೂರುವಂತೆ ಮಾಡುತ್ತದೆ. ಸತ್ತ ತಂತುವನ್ನು ಬದುಕಿಸುವುದಿಲ್ಲ. 1990ರಲ್ಲಿ ಅಮೆರಿಕದ ಒಂದು ಅಧ್ಯಯನದ ಬಳಿಕ ದೊಡ್ಡ ಪ್ರಮಾಣದ ಸ್ಟಿರಾಯ್ಡ್ ಎಲ್ಲೆಡೆ ಬಳಕೆಗೆ ಬಂತು, ಲಾಭಕ್ಕಿಂತ ಅಪಾಯ ಹೆಚ್ಚೆಂಬ ಅನುಮಾನದಲ್ಲಿ ಹಿಂದೆ ಸರಿಯಿತು. ಕೈಕಾಲಿನ ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ, ಕುದುರೆ ಬಾಲದ ಬೇರುಗಳಿಗೂ ಸ್ವಲ್ಪ ಆ ಗುಣ ಇದೆ. ಹುರಿಯ ಒಳಗಿನ ತಂತುಗಳಿಗೆ ಇಲ್ಲ. ಹುರಿಯ ಮೇಲೆ ವಿದ್ಯುದ್ವಾಹಕ ಕೂರಿಸಿ, ಅದರ ‘ಸ್ವಂತ ಬುದ್ಧಿ’ಯನ್ನೇ ಎಬ್ಬಿಸಿ ನಡೆಸುವ ಪ್ರಯೋಗ 2018ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ನಲ್ಲಿ ಕೆಲವರಲ್ಲಿ ಫಲಿಸಿತು. ಅದು ನಿಜವಾದ ಭರವಸೆ. ತೋಟ ಅಡವಿಟ್ಟು ಮಾಡಿಸಿಕೊಳ್ಳುವ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಆ ಮಾತು ಹೇಳಲಾರೆ. ಬೆನ್ನುಹುರಿಯ ಪೆಟ್ಟಿಗೆ ಅದು ಇನ್ನೂ ರುಜುವಾತಾದ ಚಿಕಿತ್ಸೆಯಲ್ಲ.

ನಮ್ಮ ಜಿಲ್ಲೆಯಲ್ಲೇ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಸೇವಾಭಾರತಿಯವರ ‘ಸೇವಾಧಾಮ’ ಇದೆ, ಬೆನ್ನುಹುರಿ ಅಪಘಾತಕ್ಕೆ ಒಳಗಾದವರಿಗೆಂದೇ ಇರುವ ಪುನಶ್ಚೇತನ ಕೇಂದ್ರ. ಪಂಜದಿಂದ ದೂರವೇನಲ್ಲ. ಕೂರುವುದು, ಕುರ್ಚಿಗೆ ದಾಟುವುದು, ಮೂತ್ರಕೋಶ, ಹುಣ್ಣು, ಇವನ್ನೆಲ್ಲ ಕಲಿಸುವ ಜಾಗ ಊರ ಸಮೀಪ ಇರುವುದು ದೊಡ್ಡ ಆಸ್ಪತ್ರೆಯ ಇನ್ನೊಂದು ಯಂತ್ರಕ್ಕಿಂತ ಮುಖ್ಯ. ಕಲಿತು ಬಂದ ಮೇಲೆ ಮನೆ ಎದುರಾಗುತ್ತದೆ: ಮುರಕಲ್ಲಿನ ಮೆಟ್ಟಿಲು, ಹೊರಗಿನ ಶೌಚಾಲಯ, ರಸ್ತೆಗೆ ಏರುವ ಕಡಿದಾದ ದಾರಿ. ಎರಡು ಮೆಟ್ಟಿಲ ಜಾಗದಲ್ಲಿ ಇಳಿಜಾರು ಕಟ್ಟಿಸಲು ಹಣಕ್ಕಿಂತ ಹೆಚ್ಚಾಗಿ ‘ಅವನು ಎದ್ದು ನಡೆದಾನು’ ಎಂಬ ಕಾಯುವಿಕೆ ಅಡ್ಡಬರುತ್ತದೆ ಎಂದು ನನಗನಿಸುತ್ತದೆ. ಮಕ್ಕಳಾಗುವ, ದಾಂಪತ್ಯದ ಪ್ರಶ್ನೆ ಯಾರೂ ಎತ್ತುವುದಿಲ್ಲ; ಬಿದ್ದವರಲ್ಲಿ ಹೆಚ್ಚಿನವರು ಪ್ರಾಯದ ಗಂಡಸರು, ಈ ವಿಷಯದಲ್ಲೂ ವೈದ್ಯಕೀಯ ನೆರವು ಸಾಧ್ಯ ಎಂಬುದನ್ನು ಅವರಿಗೆ ಹೇಳಬೇಕಾಗಿದೆ.

ಬೀಳದಂತೆ ಮಾಡುವ ದಾರಿಗಳು ತೋಟದಲ್ಲೇ ಬೆಳೆಯುತ್ತಿವೆ. ವಿಟ್ಲದ ಸಂಶೋಧನಾ ಕೇಂದ್ರದವರು ಹಿರೇಹಳ್ಳಿ ಗಿಡ್ಡ ತಳಿಯ ಸಂಕರದಿಂದ ಕುಳ್ಳ ಮರಗಳನ್ನು ತಯಾರಿಸಿದರು. ಅಲ್ಲೇ ಯುವಕರಿಗೆ ಮರ ಹತ್ತುವ ತರಬೇತಿಯೂ ನಡೆದಿದೆ. ಬಂಟ್ವಾಳ ತಾಲೂಕಿನ ಕೋಮಳೆ ಗಣಪತಿ ಭಟ್ಟರು ಕೂತು ಏರುವ ‘ಮರ ಬೈಕ್’ ಮಾಡಿದರು. ಎಲ್ಲಕ್ಕಿಂತ ಬೇಗ ಹಬ್ಬಿದ್ದು ಕಾರ್ಬನ್ ಫೈಬರ್ ದೋಟಿ: ನೆಲದಲ್ಲೇ ನಿಂತು ಕೊಯ್ಲು, ನೆಲದಲ್ಲೇ ನಿಂತು ಮದ್ದು. ಅದು ಬಂದಲ್ಲಿ ಬೀಳುವ ಪ್ರಶ್ನೆಯೇ ಇಲ್ಲ, ಆದರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ, ತೋಟದ ಮೇಲೆ ಹಾದುಹೋದ ತಂತಿಗೆ ತಾಗಿದರೆ ಹಿಡಿದವನ ಪ್ರಾಣ ಹೋಗುತ್ತದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಸಿಕ್ಕಿತು. ನಮ್ಮ ಕಡೆ ದೋಟಿ ಕೊಳ್ಳಲಾಗದ ಸಣ್ಣ ತೋಟಗಳಲ್ಲಿ, ಮೋಡ ಸರಿದ ಒಂದು ಹೊತ್ತಿನಲ್ಲಿ ಮದ್ದು ಬಿಟ್ಟು ಮುಗಿಸಬೇಕಾದ ಅವಸರದಲ್ಲಿ, ಯಾವ ಸಹಕಾರ ಸಂಘಕ್ಕೂ ಸದಸ್ಯನಲ್ಲದ ದಿನಗೂಲಿಯ ಮನುಷ್ಯನೇ ಇನ್ನೂ ತಳೆ ಹಾಕಿಕೊಂಡು ಏರುತ್ತಾನೆ. ಅವನ ಹೆಸರಿನಲ್ಲಿ ವರ್ಷಕ್ಕೊಂದು ಅಪಘಾತ ವಿಮೆ ಕಟ್ಟಲು ತೋಟದ ಯಜಮಾನನಿಗೆ ಆಗುವ ಖರ್ಚು ಒಂದು ಸುತ್ತು ಮದ್ದಿಗೆ ಬೇಕಾಗುವ ಮೈಲುತುತ್ತಿನಷ್ಟೂ ಇರಲಿಕ್ಕಿಲ್ಲ.